ಚಮಚ ಒರೆಸುವ ನಾಲ್ಕು ಸೆಕೆಂಡು

"ನಿಲ್ಸಿ, ನಿಲ್ಸಿ! ಆ ಮುದುಕಿ ಚಮಚಾನ ಏಪ್ರನ್‌ಗೆ ಒರೆಸಿದ್ಲಲ್ಲ, ನೋಡಿದ್ರಾ?"

ಪೊರ್ಫೀರಿ ಸವ್ವಿಚ್ ಕೈಯೆತ್ತಿದ್ದೇ ತಡ, ಪ್ರೊಜೆಕ್ಟರ್ ನಿಂತಿತು. ಮಾಸ್ಕೋದ ಆ ಕಾರ್ಟೂನ್ ಸ್ಟುಡಿಯೋ ಒಂದು ಕಾಲಕ್ಕೆ ಚರ್ಚಾಗಿದ್ದ ಕಟ್ಟಡ. ಫೆಬ್ರವರಿಯ ಚಳಿಗೆ ಎಲ್ಲರೂ ಕೋಟು ಹಾಕಿಕೊಂಡೇ ಕೂತಿದ್ದರು. ಕಲಾಮಂಡಳಿ ಒಪ್ಪಿದರೆ ಚಿತ್ರ ಉಂಟು, ಇಲ್ಲದಿದ್ದರೆ ಇಲ್ಲ. ಮಂಡಳಿಯಲ್ಲಿ ಏಳು ಜನರಿದ್ದರು ನಿಜ, ಆದರೆ ಮಾತು ಪೊರ್ಫೀರಿ ಸವ್ವಿಚ್‌ರದು, ತಲೆಯಾಡಿಸುವುದು ಮಿಕ್ಕ ಆರು ಜನರದು.

"ಕೊಳಕು ಏಪ್ರನ್‌ಗೆ ಒರೆಸಿದ ಚಮಚಾನ ಬಂದ ಅತಿಥಿ ಮುಂದೆ ಇಡ್ತಾಳೆ. ನಮ್ಮ ಮಕ್ಕಳು ಇದನ್ನ ಕಲೀಬೇಕೇನ್ರೀ?"

"ಅತಿಥಿ ಅಂದ್ರೆ ಚಳಿರಾಯ ತಾನೇ ಪೊರ್ಫೀರಿ ಸವ್ವಿಚ್?" ನಿರ್ದೇಶಕ ಗ್ಲೇಬ್ ಅರ್ಕಾದಿಚ್ ನಗಲು ನೋಡಿದರು. "ಅವನಿಗೆ ಕಾಯಿಲೆ ಗೀಯಿಲೆ ಬರೋದಿಲ್ಲ ಬಿಡಿ."

ಪೊರ್ಫೀರಿ ಸವ್ವಿಚ್ ಕಾಗದದ ಮೇಲೆ ಗುರುತು ಹಾಕಿಕೊಂಡರು.

"ಕತ್ತರಿಸಿ. ಗುರುವಾರ ಮತ್ತೆ ನೋಡ್ತೀವಿ."

ಹಿಂದಿನ ಸಾಲಿನಲ್ಲಿ ಸ್ಟುಡಿಯೋದ ಕಲಾವಿದೆ ತಾಸ್ಯಾ ಕೂತಿದ್ದಳು. ಆ ಮುದುಕಿಯನ್ನು ಬಿಡಿಸಿದವಳು ಅವಳೇ. ಹಬ್ಬದ ಹಿಂದಿನ ಸಂಜೆ ಮುದುಕಿಯೊಬ್ಬಳು ಜೇನು ಹಾಕಿದ ಗೋಧಿ ಗಂಜಿಯ ಬಟ್ಟಲು ಹಿಡಿದು ಬಾಗಿಲು ತೆಗೆದು, 'ಬಾರಪ್ಪ ಚಳಿರಾಯ, ಉಂಡ್ಕೊಂಡು ಹೋಗು, ಬೇಸಿಗೇಲಿ ಮಾತ್ರ ನಮ್ಮ ಹೊಲದ ಕಡೆ ತಲೆ ಹಾಕ್ಬೇಡ' ಎಂದು ಕರೆಯುವ ಹಳೆಯ ಕಥೆ ಅದು. ದೇವರ ಹಬ್ಬವೆಂದರೆ ಸರ್ಕಾರಕ್ಕೆ ಆಗದ ಸೋವಿಯತ್ ಕಾಲ, ಹಾಗಾಗಿ ಯಾವ ಹಬ್ಬ ಎಂದು ಚಿತ್ರದಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಅಷ್ಟು ಎಚ್ಚರ ಗ್ಲೇಬ್ ಅರ್ಕಾದಿಚ್‌ಗೆ ಇತ್ತು.

ಆ ಸ್ಟುಡಿಯೋದಲ್ಲಿ ಮೊದಲು ನಿಜವಾದ ಮನುಷ್ಯರನ್ನು ನಡೆಸಿ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ಆಮೇಲೆ ಆ ಫಿಲ್ಮನ್ನು ಗಾಜಿನ ಕೆಳಗಿನಿಂದ ಒಂದೊಂದೇ ಚಿತ್ರವಾಗಿ ಬಿಟ್ಟು, ಅದರ ಮೇಲೆ ಕಾಗದವಿಟ್ಟು ಬಿಡಿಸಿಕೊಳ್ಳುತ್ತಿದ್ದರು. ಮುಖ ಕಲಾವಿದನದು, ನಡೆ ಮಾತ್ರ ಮನುಷ್ಯರದು. ಹಿಂದಿನ ವರ್ಷ ಮುದುಕಿಯ ಪಾತ್ರಕ್ಕೆ ಗೊತ್ತು ಮಾಡಿದ್ದ ನಟಿ ಕೈಕೊಟ್ಟಾಗ, ನೆಲ ಒರೆಸುತ್ತಿದ್ದ ತಾಸ್ಯಾಳ ಅಮ್ಮ ಅಗಾಫ್ಯಾಳನ್ನೇ ಎಳೆದು ತಂದು ನಿಲ್ಲಿಸಿದ್ದರು. ಅಗಾಫ್ಯಾ ಬಟ್ಟಲಿಟ್ಟಳು, ಬಾಗಿಲು ತೆಗೆದಳು. ಯಾರೂ ಹೇಳಿಕೊಡದಿದ್ದರೂ, ಮನೆಯಲ್ಲಿ ಮಾಡುವ ಹಾಗೆಯೇ ಚಮಚವನ್ನು ಏಪ್ರನ್ನಿಗೆ ಈ ಕಡೆ ಒಂದು ಸಲ, ಆ ಕಡೆ ಒಂದು ಸಲ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು.

"ನಿಮ್ಮಪ್ಪಂಗೆ ಮಾತ್ರ ಹೇಳ್ಬೇಡ ಕಣೇ," ಎಂದಿದ್ದಳು ಅವತ್ತು. "ಈ ವಯಸ್ಸಲ್ಲಿ ಸಿನಿಮಾ ಹುಚ್ಚು ಅಂತ ಸಾಯೋವರೆಗೂ ಆಡ್ಕೋತಾರೆ."

ಸೆಪ್ಟೆಂಬರಿನಲ್ಲಿ ನ್ಯುಮೋನಿಯಾ ಬಂದು ಹತ್ತೇ ದಿನಕ್ಕೆ ಹೋಗಿಬಿಟ್ಟಳು. ಅವಳ ಫಿಲ್ಮನ್ನು, ಕೆಲಸ ಮುಗಿದ ಎಲ್ಲ ಫಿಲ್ಮಿನ ಹಾಗೆ, ಅದರ ಲೇಪದಲ್ಲಿರುವ ಬೆಳ್ಳಿ ತೆಗೆಯಲು ಕರಗಿಸಿಯಾಗಿತ್ತು. ಮನೆಯಲ್ಲಿದ್ದದ್ದು ಗುರುತುಚೀಟಿಯ ಒಂದು ಫೋಟೋ, ಅದರಲ್ಲೂ ಅಮ್ಮ ಯಾರ ಮೇಲೋ ಸಿಟ್ಟಾದವಳ ಹಾಗೆ ಕಾಣುತ್ತಿದ್ದಳು. ಅಮ್ಮ ಕೈಕಾಲಾಡಿಸುವುದು ಇನ್ನು ಎಲ್ಲಾದರೂ ಉಳಿದಿದ್ದರೆ, ಆ ನಾಲ್ಕು ಸೆಕೆಂಡಿನಲ್ಲಿ, ನಲವತ್ತೆಂಟು ಹಾಳೆಗಳಲ್ಲಿ.

ತಾಸ್ಯಾ ನಿರ್ದೇಶಕರನ್ನು ಮೆಟ್ಟಿಲಲ್ಲೇ ಅಡ್ಡಗಟ್ಟಿದಳು. "ಕತ್ತರಿಸ್ಬೇಡಿ ಗ್ಲೇಬ್ ಅರ್ಕಾದಿಚ್."

"ನಂಗೇನು ಖುಷೀನಾ? ಬೆಕ್ಕಿನ ಕೊರಳಿಗೆ ಗಂಟೆ ಕಟ್ಟೋ ಧೈರ್ಯ ನಂಗಿಲ್ಲಮ್ಮ."

"ಅವರಿಗೆ ಬೇಡವಾಗಿದ್ದು ಕೊಳೆ ತಾನೇ? ಏಪ್ರನ್ ಒಗೆದುಬಿಟ್ರೆ?"

ಅವರು ಒಂದು ಮೆಟ್ಟಿಲು ಇಳಿದು ತಿರುಗಿದರು. "ಗುರುವಾರ ಏನಾದ್ರೂ ಎಡವಟ್ಟಾದ್ರೆ ನಿನ್ನ ಹೆಸರೇ ಹೇಳ್ತೀನಿ. ಕೆಲಸ ಹೋದ್ರೆ ನನ್ನ ಹತ್ರ ಅಳ್ಬೇಡ."

"ಹೇಳಿ."

ಬಣ್ಣದ ವಿಭಾಗದ ಮೂವರು ಹೆಂಗಸರು ಏನು ಎತ್ತ ಎಂದು ಕೇಳದೆ ಬಂದು ಕೂತರು. ಅಗಾಫ್ಯಾ ಕೈಯ ಚಹಾ ಕುಡಿದವರು ಅವರು. ಕಾಗದದ ಚಿತ್ರಗಳನ್ನು ಇಳಿಸಿಕೊಂಡಿದ್ದ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳ ಮೇಲಿದ್ದ ಬೂದು ಏಪ್ರನ್ನನ್ನು ಒದ್ದೆ ಹತ್ತಿಯಿಂದ ತೊಳೆದು ಬಿಳಿ ತುಂಬಿದರು. ಒಂದು ಹಾಳೆಯಲ್ಲಿ ಬಣ್ಣ ತೆಳುವಾದರೂ ಸಾಕು, ಪರದೆಯ ಮೇಲೆ ಏಪ್ರನ್ ಮಿಣಮಿಣ ಎನ್ನುತ್ತದೆ. ಬುಧವಾರ ಮಧ್ಯಾಹ್ನ ಕೊನೆಯ ಹಾಳೆ ಒಣಗಿ ಕ್ಯಾಮೆರಾದವನ ಕೈಸೇರಿತು. ಕೈಗಳ ಒಂದು ಗೆರೆಯನ್ನೂ ತಾಸ್ಯಾ ಮುಟ್ಟಲಿಲ್ಲ.

ಗುರುವಾರ ಪೊರ್ಫೀರಿ ಸವ್ವಿಚ್ ಕೊನೆಯವರೆಗೂ ಕೈಯೆತ್ತದೆ ನೋಡಿದರು.

"ಈಗ ಸರಿಯಾಯ್ತು ನೋಡಿ. ಎಷ್ಟು ಶುಭ್ರವಾಗಿದ್ದಾಳೆ ಅಜ್ಜಿ! ಕತ್ತರಿಸಿದ್ದು ಗೊತ್ತೇ ಆಗಲ್ಲ."

ಆರು ತಲೆಗಳು ಆಡಿದವು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಗ್ಲೇಬ್ ಅರ್ಕಾದಿಚ್ ಹಿಂದಿನ ಸಾಲಿನ ಕಡೆ ತಿರುಗಿಯೂ ನೋಡಲಿಲ್ಲ.

ಡಿಸೆಂಬರಿನ ಒಂದು ಭಾನುವಾರ, ಬೆಳಗಿನ ಆಟಕ್ಕೆ ತಾಸ್ಯಾ ಅಪ್ಪನನ್ನು ಕರೆದುಕೊಂಡು ಹೋದಳು. ಟ್ರಾಮ್ ಶೆಡ್ಡಿನಲ್ಲಿ ದುಡಿಯುವ ತಿಖೋನ್‌ಗೆ ಹೆಂಡತಿ ಸತ್ತ ಮೇಲೆ ಮಾತೇ ನಿಂತುಹೋದಂತಾಗಿತ್ತು. "ಮಕ್ಕಳ ಸಿನಿಮಾಕ್ಕೆ ನಾನ್ಯಾಕೇ?" ಎಂದು ಗೊಣಗುತ್ತಲೇ ಬಂದವನು, ಮಕ್ಕಳ ಗಲಾಟೆಯ ನಡುವೆ ಟೋಪಿಯನ್ನೂ ತೆಗೆಯದೆ ಕೂತ. ತಾಸ್ಯಾ ಅವನಿಗೆ ಏನನ್ನೂ ಹೇಳಿರಲಿಲ್ಲ.

ಪರದೆಯ ಮೇಲೆ ದುಂಡು ಮೂಗು, ಕೆಂಪು ಕೆನ್ನೆಯ ಮುದುಕಿ ಬಂದಳು. ಅಮ್ಮನ ಮುಖಕ್ಕೂ ಆ ಮುಖಕ್ಕೂ ಎಲ್ಲಿಯ ನಂಟು! ಮುದುಕಿ ಬಟ್ಟಲಿಟ್ಟಳು. ಚಮಚ ತೆಗೆದು ಈ ಕಡೆ ಒಂದು ಸಲ, ಆ ಕಡೆ ಒಂದು ಸಲ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು.

ತಿಖೋನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಮುದುಕಿ ಬಾಗಿಲು ತೆಗೆದು ಚಳಿರಾಯನನ್ನು ಕರೆದಳು, ಗಾಳಿ ನುಗ್ಗಿತು, ಮಕ್ಕಳು ಹೋ ಎಂದರು. ಅವನು ಮಗಳ ಕಡೆ ಬಾಗಿದ.

"ತಾಸ್ಯಾ, ಅಷ್ಟು ಬಿಳೀ ಏಪ್ರನ್ ನಿಮ್ಮಮ್ಮನ ಹತ್ರ ಎಲ್ಲಿತ್ತೇ?"