ಮೂವತ್ತೇಳನೇ ಪುಟ

ಲೈಬ್ರರಿಯ ಹೊಸ ಮ್ಯಾನೇಜರ್ ಬ್ರೆಟ್ ಹಾಲೊರನ್ ಒಂದು ಪತ್ತೇದಾರಿ ಕಾದಂಬರಿಯ ಮೂವತ್ತೇಳನೇ ಪುಟ ತೆರೆದು ಎನಿಡ್ ಅಜ್ಜಿಯ ಮುಂದೆ ತಳ್ಳಿದ. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಅಕ್ಷರಗಳಿದ್ದವು.

“ಇದು ನಿಮ್ಮ ಕೈಬರಹ ತಾನೇ, ಮಿಸೆಸ್ ಪಾಸ್ಕೋ?”

ಎಂಬತ್ತನಾಲ್ಕರ ಅಜ್ಜಿ ಕನ್ನಡಕ ಮೇಲೇರಿಸಿಕೊಂಡು ಗಟ್ಟಿಯಾಗಿ ಓದಿದಳು: “‘ಡಾಕ್ಟರೇ ಕೊಂದದ್ದು. ಕೊನೆಯ ನೂರು ಪುಟ ದಂಡ. ಮಳೆ ನಿಂತಿಲ್ಲ. ಜುಲೈ ತೊಂಬತ್ತನಾಲ್ಕು.’ ಹೌದಪ್ಪಾ, ನಂದೇ. ತೋರ್ಸಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಇವತ್ತು ಇದನ್ನೇ ತಗೊಂಡು ಹೋಗ್ತಿದ್ದೆ.”

ಟಾಸ್ಮೇನಿಯಾದ ಈ ನಮ್ಮ ಕರಾವಳಿಯ ಊರಿನಲ್ಲಿ ವಯಸ್ಸಾದವರೆಲ್ಲ ಹೀಗೆಯೇ. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಪುಸ್ತಕದೊಳಗೆ ಒಂದು ಗುಟ್ಟಿನ ಗುರುತು ಹಾಕಿಡುತ್ತಾರೆ. ಒಬ್ಬರು ಪುಟದ ಸಂಖ್ಯೆಗೆ ಸುತ್ತು ಹಾಕಿದರೆ ಇನ್ನೊಬ್ಬರು ಒಂದು ಚುಕ್ಕೆ ಇಡುತ್ತಾರೆ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಎನಿಡ್ ಅಜ್ಜಿಗೆ ಮಾತ್ರ ಒಂದು ಚುಕ್ಕೆ ಸಾಕಾಗಲಿಲ್ಲ; ಪ್ರತಿ ಪುಸ್ತಕದ ಮೂವತ್ತೇಳನೇ ಪುಟದಲ್ಲೂ ಒಂದೆರಡು ಸಾಲು ಬರೆದಿಡುತ್ತಿದ್ದಳು. ಅವಳಿಗೆ ಯಾವುದರ ಬಗ್ಗೆಯೂ ಅಭಿಪ್ರಾಯವಿಲ್ಲದೆ ಇರಲು ಬರುವುದಿಲ್ಲ.

“ಸಾವಿರದ ಎಂಟುನೂರು ಪುಸ್ತಕ ಹಾಳು ಮಾಡಿದೀರಿ. ಇದು ಸಾರ್ವಜನಿಕ ಆಸ್ತಿ,” ಎಂದ ಬ್ರೆಟ್.

“ಓದಿದ್ದು ತಲೇಲಿ ನಿಲ್ಲಲ್ಲ ಕಣಪ್ಪಾ. ಅದಕ್ಕೇ ಬರೆದಿಟ್ಟೆ.”

“ಅದಕ್ಕೆ ಕಂಪ್ಯೂಟರ್ ಇದೆಯಲ್ಲ!” ಅವನು ಹೆಮ್ಮೆಯಿಂದ ಪರದೆ ತಿರುಗಿಸಿದ. “ನೋಡಿ, ನಿಮ್ಮ ಇಡೀ ಓದಿನ ಜೀವನ ಇಲ್ಲಿದೆ. ಒಟ್ಟು ಅರವತ್ತೆಂಟು ಪುಸ್ತಕ.”

“ಅರವತ್ತೆಂಟಾ? ಯಾವಾಗಿಂದ?”

“ಈ ವ್ಯವಸ್ಥೆ ಬಂದಾಗಿಂದ. ಹೋದ ವರ್ಷ.”

“ಅದಕ್ ಮುಂಚೆ ನಲವತ್ತು ವರ್ಷ ನಾನೇನು ಇಲ್ಲಿ ಹುಲ್ಲು ಮೇಯ್ತಿದ್ನಾ?”

ಬ್ರೆಟ್ ಪರದೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡ. ಅಜ್ಜಿಯ ಲೈಬ್ರರಿ ಕಾರ್ಡನ್ನು ತನ್ನ ಡ್ರಾಯರಿಗೆ ಹಾಕಿ, ಬದಲಿಗೆ ಒಂದು ಹೊಸ ರಬ್ಬರು ತೆಗೆದುಕೊಟ್ಟ. ಎಲ್ಲ ಪುಸ್ತಕಗಳ ಗುರುತನ್ನೂ ಅವಳೇ ಅಳಿಸಬೇಕು, ಅಲ್ಲಿಯವರೆಗೆ ಕಾರ್ಡಿಲ್ಲ. ಇನ್ನೊಂದು ಲೈಬ್ರರಿ ಇರುವುದು ಎಂಬತ್ತು ಕಿಲೋಮೀಟರ್ ಆಚೆ, ಅಜ್ಜಿ ಕಾರು ಓಡಿಸುವುದನ್ನು ನಿಲ್ಲಿಸಿ ಆರು ವರ್ಷವಾಗಿದೆ. ಪುಸ್ತಕವಿಲ್ಲದೆ ಸಂಜೆ ಕಳೆಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ, ಹಾಗಾಗಿ ರಬ್ಬರು ತೆಗೆದುಕೊಂಡಳು.

ಆರು ವಾರ ಅಜ್ಜಿ ದಿನವೂ ಬಂದು ಕೂತು ತನ್ನ ಆಯುಷ್ಯವನ್ನು ಉಜ್ಜಿದಳು. ಉಜ್ಜುವ ಮುನ್ನ ಒಂದೊಂದನ್ನೂ ಓದುತ್ತಿದ್ದಳು. ‘ನಾಯಿ ಸಾಯುತ್ತದೆ. ಎಚ್ಚರ.’ ‘ನಾಯಕಿಗೆ ಬುದ್ಧಿಯಿಲ್ಲ. ಆ ವಯಸ್ಸಿನಲ್ಲಿ ನನಗೂ ಇರಲಿಲ್ಲ.’ ‘ಎರಡನೇ ಸಲ ಓದಿದೆ. ತಪ್ಪು ಅತ್ತೆಯದಲ್ಲ. ಈಗ ನಾನೂ ಅತ್ತೆ.’ ಒಬ್ಬಳೇ ಕೂತು ನಗುತ್ತಿದ್ದಳು. ಒಂದು ಸೋಮವಾರ ಯಾವುದೋ ಪ್ರೇಮ ಕಾದಂಬರಿಯಲ್ಲಿ ಸಿಕ್ಕಿತು: ‘ಆಸ್ಪತ್ರೆ. ಕ್ಲೆಮ್ ಮಲಗಿದ್ದಾನೆ. ಒಂದಕ್ಷರ ತಲೆಗೆ ಹೋಗುತ್ತಿಲ್ಲ. ನಾನು ಓದುತ್ತಿದ್ದರೆ ಅವನಿಗೆ ಧೈರ್ಯ.’ ಕ್ಲೆಮ್ ಅವಳ ಗಂಡ, ಆ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಅಜ್ಜಿಗೆ ದುಃಖ ಉಕ್ಕಿ ಬಂತು.

“ಸ್ವಲ್ಪ ಗಟ್ಟಿಯಾಗಿ ಉಜ್ಜಿ,” ಎಂದ ಬ್ರೆಟ್, ಹಿಂದಿನಿಂದ ಹಾದುಹೋಗುತ್ತಾ. ಅಜ್ಜಿ ಕಣ್ಣು ಮುಚ್ಚಿಕೊಂಡು ಉಜ್ಜಿದಳು.

ಕೊನೆಯ ಪುಸ್ತಕವೂ ಮುಗಿದು ಕಾರ್ಡು ಕೈಗೆ ಬಂದ ದಿನ, ಸೀಗಡಿ ಹಿಡಿಯುವ ದೋಣಿಯ ಕೆಲಸದಿಂದ ನಿವೃತ್ತನಾದ ಮರ್ವ್ ಕಪಾಟಿನ ಮುಂದೆ ನಿಂತು ಪುಸ್ತಕದ ಮೇಲೆ ಪುಸ್ತಕ ತೆಗೆದು ನೋಡುತ್ತಿದ್ದ.

“ಏನೇ ಎನಿಡ್, ಎಲ್ಲಾ ಖಾಲಿ ಹೊಡೀತಿದೆ! ಕೊಂದೋರು ಯಾರು ಅಂತ ಗೊತ್ತಿಲ್ದೆ ಓದೋಕೆ ನನ್ ಬಿಪಿಗೆ ಆಗಲ್ಲ ಅಂತ ಡಾಕ್ಟ್ರು ಹೇಳಿದಾರೆ.”

“ನನ್ನದನ್ನ ನೀನು ಓದ್ತಿದ್ಯಾ?”

“ನಾನೊಬ್ನೇನಾ? ಹುಲ್ಲಿನ ಮೇಲೆ ಚೆಂಡು ಉರುಳಿಸೋ ನಮ್ಮ ಇಡೀ ಬೌಲ್ಸ್ ಕ್ಲಬ್ಬೇ ಓದುತ್ತೆ. ನಿನ್ನ ಕೇಳ್ದೆ ಈ ಊರಲ್ಲಿ ಯಾರೂ ಪುಸ್ತಕ ಮುಟ್ಟಲ್ಲ.”

“ಇನ್ನು ಕೇಳ್ಬೇಡ ಮಾರಾಯ. ಈಗ ನನಗೇ ಏನೂ ಗೊತ್ತಿಲ್ಲ.”

ಮರ್ವ್ ನಂಬಲಿಲ್ಲ. ಪುಸ್ತಕವನ್ನು ಕಿಟಕಿಗೆ ಒಯ್ದು, ಪುಟವನ್ನು ಓರೆಯಾಗಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿದ.

“ಅಬ್ಬಾ, ಏನ್ ಒತ್ತಿ ಬರೀತಿದ್ಯೇ ಪುಣ್ಯಾತ್ಗಿತ್ತಿ! ಅಳಿಸಿದ್ರೂ ಗೀರು ಹಾಗೇ ಇದೆ. ‘ಚೆನ್ನಾಗಿದೆ. ಪಾದ್ರಿಯನ್ನು ನಂಬಬೇಡ.’ ಸರಿ, ಇದನ್ನೇ ತಗೊಳ್ತೀನಿ.”

ಅಜ್ಜಿ ಅವನ ಮಾತು ಮುಗಿಯುವಷ್ಟರಲ್ಲಿ ಆ ಪ್ರೇಮ ಕಾದಂಬರಿಯ ಕಪಾಟಿನ ಕಡೆ ಹೊರಟಾಗಿತ್ತು. ಆ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಕ್ಲೆಮ್‌ನ ಹೆಸರಿದ್ದ ಗೀರನ್ನು ಮತ್ತೆ ಮತ್ತೆ ಓದಿದಳು. ಮರ್ವ್ ಅವಳಿಗೆ ತನ್ನ ಕರವಸ್ತ್ರ ಕೊಟ್ಟು, ಪುಸ್ತಕ ಎತ್ತಿಕೊಂಡು ಮನೆಗೆ ಹೋದ.

ಆ ತಿಂಗಳು ಬ್ರೆಟ್ ಹಾಲೊರನ್ ಮೇಲಿನವರಿಗೆ ಕಳಿಸಿದ ವರದಿ ಹೀಗಿತ್ತು: ‘ಸ್ವಚ್ಛ ಪುಟ ಅಭಿಯಾನ ಅಭೂತಪೂರ್ವ ಯಶಸ್ಸು ಕಂಡಿದೆ. ಹಿರಿಯ ಓದುಗರು ಪುಸ್ತಕಗಳನ್ನು ಕಿಟಕಿಗೆ ಒಯ್ದು, ಬೆಳಕಿಗೆ ಹಿಡಿದು, ಪುಟಗಳ ಬಿಳುಪನ್ನು ಕಣ್ತುಂಬಿಕೊಳ್ಳುತ್ತಿದ್ದಾರೆ. ಕೆಲವರು ಭಾವುಕರಾಗಿ ಅತ್ತದ್ದೂ ಉಂಟು. ಕಿಟಕಿಯ ಬಳಿಗೆ ಇನ್ನೂ ನಾಲ್ಕು ಕುರ್ಚಿ ಬೇಕು.’