ಕನ್ನಡಿ ಕೆರೆ

ಗಿರಿಜಾಂಬಾ ಕೆರೆಯ ದಡಕ್ಕೆ ರಾಗಿ ಪೈರು ಕೂರಿಸುತ್ತಿದ್ದಳು. ಕೆರೆ ಎಂದರೆ ಗಂಡ ಷಡಕ್ಷರಿಯ ಹಳೆಯ ಶೇವಿಂಗ್ ಕನ್ನಡಿ. ದಸರಾ ಗೊಂಬೆಗಳ ಮೆಟ್ಟಿಲ ಬುಡದಲ್ಲಿ, ಮಣ್ಣು ಹರಡಿ ಮಾಡಿದ ಪಾರ್ಕಿನ ನಡುವೆ ಅಂಗಾತ ಮಲಗಿತ್ತು. ಅದರ ಮೇಲೆ ಎರಡು ಬಾತುಕೋಳಿ ಬಿಟ್ಟು ಇನ್ನೇನು ಏಳಬೇಕು, ಕಂಪ್ಯೂಟರಿನ ಮುಂದೆ ಕೂತಿದ್ದ ಮಗಳು ರಕ್ಷಿತಾ ನಗತೊಡಗಿದಳು.

"ಅಪ್ಪಾ, ನಿನ್ನೆ ಹಾಕಿದ ವಿಡಿಯೋಗೆ ದಾವಣಗೆರೆ ಸುಂದರೇಶಣ್ಣ ಏನೋ ಬರ್ದಿದಾನೆ. 'ಚಿಕ್ಕಪ್ಪಾ, ಗೊಂಬೆಗಳು ಚೆನ್ನಾಗಿವೆ. ಕರೆಂಟ್ ಹೋದಾಗ ತೆಗೆದ್ರಾ, ಇಲ್ಲ ಭೂಕಂಪ ಆಗ್ತಿತ್ತಾ?' ಅಂತೆ."

"ಅವನಿಗೇನ್ ಗೊತ್ತು ಕಣಮ್ಮ" ಎಂದ ಷಡಕ್ಷರಿ. ಆದರೂ ಮುಖ ಸಣ್ಣದಾಯಿತು.

"ಇರಿ, ಇನ್ನೂ ಇದೆ. 'ಕೊನೇಲಿ ಕೆರೆಯೊಳಗಿಂದ ಒಂದು ದೊಡ್ಡ ಮುಖ ಎದ್ದು ಮಾಯವಾಯ್ತು. ಅದ್ಯಾವ ಗೊಂಬೆ, ಈ ವರ್ಷ ಹೊಸದಾಗಿ ತಂದಿದ್ದಾ?'"

ಅದು ಯಾವ ಗೊಂಬೆಯೆಂದು ಗಿರಿಜಾಂಬಾಳಿಗೆ ಚೆನ್ನಾಗಿ ಗೊತ್ತಿತ್ತು. ಹ್ಯಾಂಡಿಕ್ಯಾಮ್ ಮನೆಗೆ ಬಂದ ದಿನದಿಂದ ಟೇಬಲ್ ಲ್ಯಾಂಪ್ ಹಿಡಿಯುವ ಕೆಲಸ ಅವಳದು. ನಾದಿನಿಯ ಮಗುವಿನ ನಾಮಕರಣ, ರಕ್ಷಿತಾಳ ಹುಟ್ಟುಹಬ್ಬ, ಯಾವುದನ್ನು ಹಾಕಿ ನೋಡಿದರೂ ಅವಳ ಮೊಣಕೈ ಇತ್ತು, ಸೆರಗಿನ ತುದಿ ಇತ್ತು, "ರೀ, ವೈರ್ ಸಾಲಲ್ಲ" ಎನ್ನುವ ದನಿ ಇತ್ತು. ಅವಳಿರಲಿಲ್ಲ. ನಿನ್ನೆ ಮಾತ್ರ ಷಡಕ್ಷರಿಯ ಕೈ ಅಲುಗಿದ ಪುಣ್ಯಕ್ಕೆ ಕೆರೆಯಲ್ಲಿ ಅವಳ ಮುಖ ಬಂದುಹೋಗಿತ್ತು. ಬೆಳಿಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಹಿಂದಕ್ಕೆಳೆದು, ಮತ್ತೆ ಹಿಂದಕ್ಕೆಳೆದು ನೋಡಿದ್ದಳು. ತವರಿನಿಂದ ಬಂದ ಪಟ್ಟದ ಗೊಂಬೆಗಳ ಮೇಲೆ ಕಣ್ಣು ನೆಟ್ಟು, ತುಟಿ ತುಸು ತೆರೆದು ಕೂತ ಒಬ್ಬ ಹೆಂಗಸು. ಲ್ಯಾಂಪ್ ಹಿಡಿದಿದ್ದೇನೆಂಬುದೇ ಅವಳಿಗೆ ಮರೆತಂತಿತ್ತು. ಗೊಂಬೆ ನೋಡುವಾಗ ತಾನು ಹೀಗಿರುತ್ತೇನೆಂದು ಗಿರಿಜಾಂಬಾಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

"ಇಂಟರ್ನೆಟ್ಟಲ್ಲೇ ಓದ್ಕೊಂಡಿದೀನಿ" ಎಂದು ಷಡಕ್ಷರಿ ಪಂಚೆ ಎತ್ತಿ ಕಟ್ಟಿದ. "ಕ್ಯಾಮೆರಾ ಅಲ್ಲಾಡಬಾರದು. ಬೆಳಕು ಪಕ್ಕದಿಂದ ಬೀಳಬೇಕು. ಆ ಫ್ಯಾನ್ ಆರಿಸಮ್ಮ, ಅದರ ಸದ್ದು ಬೇರೆ. ಹಳೇದನ್ನ ಅಳಿಸ್ಬುಟ್ಟು ಇವತ್ತೇ ಹೊಸದು ಹಾಕ್ಬುಡೋಣ. ನಾಳೆ ನಿಮ್ಮಮ್ಮ ಗೊಂಬೆ ಮಲಗಿಸಿದ್ರೆ ಆಯ್ತು, ಮುಂದಿನ ದಸರಾನೇ."

"ಹಳೇದನ್ನ ಅಳಿಸ್ಬಿಡ್ತೀರಾ?" ಗಿರಿಜಾಂಬಾ ಕೇಳಿದಳು.

"ಇನ್ನೇನು, ದಾವಣಗೆರೆಯವರು ನಗಲಿ ಅಂತ ಇಟ್ಕೊಳ್ಳೋದಾ?"

ಸ್ಟೂಲಿನ ಮೇಲೆ ಗೊಂಬೆ ಪೆಟ್ಟಿಗೆ ಏರಿತು, ಪೆಟ್ಟಿಗೆಯ ಮೇಲೆ ಅಕ್ಕಿ ಡಬ್ಬ, ಡಬ್ಬದ ಮೇಲೆ ಮಡಿಸಿದ ಟವೆಲ್ಲು, ಟವೆಲ್ಲಿನ ಮೇಲೆ ಕ್ಯಾಮೆರಾ.

"ಬನ್ನಿಮಂಟಪದಲ್ಲಿ ಟೀವಿಯವರೂ ಇಷ್ಟು ಕಟ್ಟಲ್ಲ ಅಪ್ಪ" ಎಂದಳು ರಕ್ಷಿತಾ.

ಷಡಕ್ಷರಿ ಕ್ಯಾಮೆರಾದ ಪುಟ್ಟ ಪರದೆಯನ್ನು ಕತ್ತು ಹಿಂದಕ್ಕೆಳೆದು, ಕಣ್ಣು ಕಿರಿದಾಗಿಸಿ ನೋಡಿದ. ಚಾಳೀಸು ಜೇಬಿನಲ್ಲೇ ಇತ್ತು. ಅದನ್ನು ಹಾಕಿಕೊಂಡು ವಿಡಿಯೋ ತೆಗೆಯುವುದು ಅವನ ಮರ್ಯಾದೆಗೆ ಕಡಿಮೆ.

"ಗಿರಿಜಾ, ನೀನು ಲ್ಯಾಂಪ್ ಹಿಡ್ಕೊಂಡು ಗೋಡೆ ಪಕ್ಕ ಕೂತ್ಕೊ. ಆ ಕನ್ನಡೀಲಿ ಮುಖ ಬೀಳದ ಹಾಗೆ ನೋಡ್ಕೋ ಕಣೇ. ನಿನ್ನೆ ಅದೇ ಎಲ್ಲಾ ಹಾಳ್ಮಾಡಿದ್ದು."

"ನನ್ನ ಮುಖ ಬಿದ್ದಿದ್ದಕ್ಕಾ ಕತ್ತಲಾಗಿದ್ದು?"

ರಕ್ಷಿತಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಮಾತಾಡ್ಬೇಡ. ಸೌಂಡೂ ಕ್ವಾಲಿಟಿನೇ" ಎಂದ ಷಡಕ್ಷರಿ.

ಗಿರಿಜಾಂಬಾ ಪೈರು ಸರಿಮಾಡುವವಳಂತೆ ಕೆರೆಯ ಮೇಲೆ ಬಾಗಿದಳು. ಪಕ್ಕದಲ್ಲೇ ಶೆಟ್ಟಿ ಗೊಂಬೆ ಬೇಳೆಕಾಳಿನ ಪುಟ್ಟ ಗುಡ್ಡೆಗಳನ್ನು ಮುಂದಿಟ್ಟುಕೊಂಡು ಅಂಗಡಿ ತೆರೆದು ಕೂತಿದ್ದ. ಅವನ ಕಡಲೆಯ ಗುಡ್ಡೆಯಿಂದ ಒಂದು ಕಾಳು ಎತ್ತಿ ಕನ್ನಡಿಯ ಅಂಚಿನಡಿ ತೂರಿಸಿದಳು. ಗೋಡೆ ಪಕ್ಕ ಹೋಗಿ ಕೂತು ನೋಡಿದರೆ ಕೆರೆಯಲ್ಲಿ ಬರೀ ತಾರಸಿ, ನಿಂತ ಫ್ಯಾನು. ಮತ್ತೆ ಎದ್ದಳು.

"ಇನ್ನೂ ಏನೇ ಅದು?"

"ಬಾತುಕೋಳಿ ವಾಲಿದೆ ಕಣ್ರೀ. ಕ್ವಾಲಿಟಿ ಬರ್ಬೇಕಲ್ಲ."

ಶೆಟ್ಟಿ ಇನ್ನೊಂದು ಕಾಳು ಕೊಟ್ಟ. ಈ ಸಲ ಕೂತಾಗ ಎರಡು ಬಾತುಕೋಳಿಗಳ ನಡುವೆ, ನೀರಿನ ತಳದಲ್ಲಿ, ಕ್ಯಾಮೆರಾದ ಕಪ್ಪು ಕಣ್ಣು ನೆಟ್ಟಗೆ ಅವಳನ್ನೇ ನೋಡುತ್ತಿತ್ತು. ತನಗೆ ಅದು ಕಂಡರೆ, ಅದಕ್ಕೂ ತಾನು ಕಾಣಲೇಬೇಕಲ್ಲ.

"ಆಯ್ತಾ?"

"ಆಯ್ತು, ತೆಗೀರಿ."

ಕೆರೆಯೊಳಗೆ ಒಂದು ಕೆಂಪು ಚುಕ್ಕಿ ಹೊತ್ತಿಕೊಂಡಿತು. ಗಿರಿಜಾಂಬಾ ಕಣ್ಣೆತ್ತಿ ಪಟ್ಟದ ಗೊಂಬೆಗಳನ್ನು ನೋಡಿದಳು. ಬೆಳಕು ಪಕ್ಕದಿಂದ ಬೀಳಬೇಕೆಂದು ಅವನೇ ಹೇಳಿದ್ದನಲ್ಲ. ಲ್ಯಾಂಪನ್ನು ಸದ್ದಾಗದಂತೆ ತನ್ನ ಕೆನ್ನೆಯ ಕಡೆಗೆ ಒಂದಿಷ್ಟು ವಾಲಿಸಿಕೊಂಡಳು.