ಮಗಳ ಬೆಂಚು

ಶಾಲೆಗಳನ್ನು ಸುರಕ್ಷಿತವಾಗಿ ತೆರೆಯುವುದು ಹೇಗೆಂದು ಬಹಳ ಯೋಚಿಸಿದ ಸರ್ಕಾರ, ಮಕ್ಕಳನ್ನು ಮನೆಯಲ್ಲಿಟ್ಟು ತಾಯಂದಿರನ್ನು ತರಗತಿಗೆ ಕರೆಸಿತ್ತು. ಸೋಂಕು ತಗುಲಿದರೂ ತಾಯಂದಿರು ಅಡುಗೆ ಮುಗಿಸಿಯೇ ಮಲಗುತ್ತಾರೆಂದು ತಜ್ಞರ ಸಮಿತಿ ಕಂಡುಕೊಂಡಿತ್ತು.

ಹಾಗಾಗಿ ನೀಲವ್ವ ದಿನವೂ ಮಗಳ ಬೆಂಚಿನಲ್ಲಿ ಕೂತು ಪಾಠ ಕೇಳಿ, ಸಂಜೆ ಅದನ್ನು ಮಗಳಿಗೆ ಒಪ್ಪಿಸುತ್ತಿದ್ದಳು. ಏಳನೆಯ ತರಗತಿಗೇ ಅಪ್ಪ ಶಾಲೆ ಬಿಡಿಸಿ ಮದುವೆ ಮಾಡಿದ್ದ ಅವಳು, ಮಹಾಮಾರಿಯ ಕೃಪೆಯಿಂದ ಎಂಟನೆಯದಕ್ಕೆ ಬಂದಿದ್ದಳು.

"ಶಿವಲೀಲಾ," ಎಂದು ಮಾಸ್ತರರು ಹಾಜರಿ ಕೂಗಿದರು.

"ಹಾಜರ್ರೀ ಸರ," ಎಂದಳು ನೀಲವ್ವ, ಮಗಳ ಹೆಸರಿಗೆ.

"ಹೋಂವರ್ಕ್?"

"ರೊಟ್ಟಿ ಬಡ್ಯೂದ್ರಾಗ ಆಗ್ಲಿಲ್ರೀ."

"ಇರ್ಲಿ ಬಿಡ್ರಿ. ಹೊಸ ಆದೇಶ ಬಂದೈತಿ. ಇವತ್ತಿನ ತಪಾಸಣಿಯೊಳಗ ಯಾರಿಗೂ ಕೆಮ್ಮಿಲ್ಲಂದ್ರ ನಾಳೆಯಿಂದ ಮಕ್ಕಳು ಬರ್ತಾವು. ನೀವು ಮನ್ಯಾಗ ಆರಾಮಿರ್ರಿ."

ಆರಾಮ ಎಂಬ ಮಾತಿಗೆ ಹಿಂದಿನ ಬೆಂಚಿನ ಮೈಬೂಬಿ ಕಿಸಕ್ಕನೆ ನಕ್ಕಳು. ನೀಲವ್ವನಿಗೆ ನಗು ಬರಲಿಲ್ಲ. ಬೀಜಗಣಿತ ಅವಳಿಗೆ ಈಗಷ್ಟೇ ತಿಳಿಯತೊಡಗಿತ್ತು.

"ಬೆಂಚ್ ಅಗಲ ಐತ್ರೀ ಸರ. ನಾನೂ ಮಗಳೂ ಕೂಡೇ ಕುಂತ್ರ ಆಗಂಗಿಲ್ಲೇನ್ರಿ?"

"ಅಂತರ ಕಾಪಾಡ್ಬೇಕವ್ವ."

ಒಂದೇ ಕೌದಿಯಲ್ಲಿ ಮಲಗುವ ತಾಯಿ ಮಗಳಿಗೆ ಸರ್ಕಾರ ಬೆಂಚಿನಲ್ಲಿ ಅಂತರ ಕೊಟ್ಟಿತ್ತು.

ಆಗಲೇ ನರ್ಸಮ್ಮ ತಪಾಸಣೆಗೆಂದು ಒಳಬಂದಳು. "ಯಾರಿಗರ ಕೆಮ್ಮು ಐತೇನ್ರೀ?"

ನೀಲವ್ವ ಮಗಳನ್ನು ನೆನೆದಳು. ಹಲಗೆಯ ಮೇಲೆ ಅರ್ಧಕ್ಕೆ ನಿಂತ ಲೆಕ್ಕವನ್ನು ನೋಡಿದಳು. ಈ ಪಾಠ ಮುಗಿಯುವ ತನಕ ಮಾತ್ರ ಎಂದುಕೊಂಡು ಮಾಸ್ಕಿನೊಳಗೆ ಮೆಲ್ಲಗೆ ಕೆಮ್ಮಿದಳು.

ಅದಕ್ಕಿಂತ ಜೋರಾಗಿ ಮೈಬೂಬಿ ಕೆಮ್ಮಿದಳು. ಆಮೇಲೆ ಇಡೀ ಎಂಟನೆಯ ತರಗತಿಯೇ ಕೆಮ್ಮಿತು.